ಬೆಂಕಿಯಿಂದ ನಾನು ಹೊತ್ತು ತಂದ ಮೊಮ್ಮಗಳು

ಮೊಮ್ಮಗಳು ಹುಟ್ಟಿದ ಮೇಲೆ ನನ್ನ ಬುದ್ಧಿ ಬಹಳ ಚುರುಕಾಗಿದೆ ಎಂದು ನಾನು ನಂಬಿದ್ದೆ. ಇಷ್ಟು ವರ್ಷ ಕಣ್ಣಿಗೆ ಬೀಳದ ಅಪಾಯಗಳೆಲ್ಲ ಈಗ ಎದ್ದು ಕಾಣುತ್ತಿದ್ದವು. ಹೊಸ್ತಿಲು ಎತ್ತರವಾಗಿತ್ತು. ಹಿತ್ತಲ ಬಾವಿ ಆಳವಾಗಿತ್ತು. ಎಮ್ಮೆಯ ಕೊಂಬು ಚೂಪಾಗಿತ್ತು. ಎರಡೂವರೆ ತಿಂಗಳ ಕೂಸು ಇವುಗಳ ಹತ್ತಿರ ಹೇಗೆ ಹೋಗುತ್ತದೆ ಎಂದು ಹೆಂಡತಿ ಗಂಗವ್ವ ಕೇಳಿದಳು. ಇವೇ ಕೂಸಿನ ಹತ್ತಿರ ಬಂದರೆ ಏನು ಮಾಡುತ್ತೀ ಎಂದು ನಾನು ಕೇಳಿದೆ. ಅವಳು ಎದ್ದು ಒಳಗೆ ಹೋದಳು. ಗೆದ್ದೆ ಎಂದುಕೊಂಡೆ.

ನಿಜವಾದ ಅಪಾಯ ಮಾತ್ರ ಒಂದಿತ್ತು. ತಡಸ ಊರಿಗೆ ಮದುವೆ ಮಾಡಿ ಕೊಟ್ಟ ಮಗಳು ಸವಿತಾ ಬಾಣಂತನಕ್ಕೆ ಬಂದಿದ್ದಳು. ಅವಳೂ ಕೂಸು ಗೌರಿಯೂ ಮಲಗುವ ಕೋಣೆಯ ಕಿಟಕಿಯಿಂದ ಹತ್ತೇ ಹೆಜ್ಜೆಗೆ ನಮ್ಮ ಭತ್ತದ ಹುಲ್ಲಿನ ಬಣವೆ. ಬೇಸಿಗೆಯ ಗಾಳಿ ಬೇರೆ. ಪಕ್ಕದ ಊರಿನಲ್ಲಿ ಬಣವೆಗೆ ಹತ್ತಿದ ಬೆಂಕಿ ಮನೆಯ ಜಂತಿಗೆ ಹಾರಿತ್ತು ಎಂಬ ಸುದ್ದಿ ಕೇಳಿದಂದಿನಿಂದ ನನಗೆ ತುತ್ತು ಇಳಿಯಲಿಲ್ಲ.

ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹತ್ತು ಜನ ಕುಳಿತಿದ್ದಾಗ ಎದ್ದು ನಿಂತು ಮಾತಾಡಿದೆ. ಹಿತ್ತಲಲ್ಲಿರುವ ಬಣವೆಗಳನ್ನೆಲ್ಲ ಊರ ಹೊರಗೆ, ಕೆರೆಯ ಮಗ್ಗುಲಿನ ಕಣಕ್ಕೆ ಸಾಗಿಸಬೇಕು ಎಂದೆ. ಪಕ್ಕದ ಮನೆಯ ಫಕ್ಕೀರಪ್ಪ ಕೂಡಲೇ ಒಪ್ಪಿದ.

"ಛಲೋ ವಿಚಾರ ಐತಿ ಕಾಕಾ. ಮನೀಗೊಬ್ಬರು ಬರೂಣು. ಮೊದಲ ನಿಮ್ಮದ ಹೊರಸೂಣು, ಮನ್ಯಾಗ ಕೂಸೈತಿ."

ನಮ್ಮಲ್ಲಿ ಇದಕ್ಕೆ ಮುಯ್ಯಾಳು ಎನ್ನುತ್ತೇವೆ. ಇಂದು ನನ್ನ ಕೆಲಸಕ್ಕೆ ಊರು, ನಾಳೆ ಊರಿನ ಕೆಲಸಕ್ಕೆ ನಾನು. ಕೂಲಿ ಇಲ್ಲ, ಊಟ ಮಾತ್ರ. ಊಟವೆಂದರೆ ಹೊಟ್ಟೆ ಬಿರಿಯುವಂಥ ಊಟ. ಇಲ್ಲದಿದ್ದರೆ ಮೂರು ವರ್ಷ ಆಡಿಕೊಳ್ಳುತ್ತಾರೆ.

ನಾನು ಮುಂಜಾಗ್ರತೆಯನ್ನೂ ವಹಿಸಿದೆ. ಎರಡು ದೊಡ್ಡ ಡ್ರಮ್ಮು ನೀರು ತುಂಬಿಸಿ ಹಿತ್ತಲಲ್ಲಿ ಇಟ್ಟೆ. ಎಮ್ಮೆ ಬಾಯಿ ಹಾಕಬಾರದೆಂದು ಮೇಲೆ ಗೋಣಿಚೀಲ ಹೊದಿಸಿ, ಎತ್ತಿನ ಚಕ್ಕಡಿಯ ಹೇರು ಬಿಗಿಯುವ ಗಂಟು ಹಾಕಿದೆ. ನಾನು ಹಾಕಿದ ಗಂಟು ಈವರೆಗೆ ಯಾರ ಕೈಯಲ್ಲೂ ಬಿಚ್ಚಿಲ್ಲ. ಇದು ನನಗೆ ಹೆಮ್ಮೆಯ ಸಂಗತಿಯಾಗಿತ್ತು.

ಮರುದಿನ ಬೆಳಿಗ್ಗೆಯೇ ಇಪ್ಪತ್ತು ಜನ ಬಂದರು. ಟ್ರ್ಯಾಕ್ಟರ್ ಬಂತು. ಹುಲ್ಲಿನ ಧೂಳು ಮುಗಿಲಿಗೆ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಬಣವೆ ಇದ್ದ ಜಾಗ ಬಯಲಾಯಿತು. ನಾನು ಸೊಂಟದ ಮೇಲೆ ಕೈಯಿಟ್ಟು ಆ ಬಯಲನ್ನು ನೋಡುತ್ತಾ ನಿಂತಿದ್ದೆ. ಗಂಗವ್ವ ಬಂದಳು.

"ಒಲಿ ಅಂಗಳದಾಗ ಹೂಡ್ತೇನ್ರಿ. ಇಷ್ಟ ಮಂದಿ ಅಡಗಿ ಒಳಗ ಆಗೂದಿಲ್ಲ."

"ಅಂಗಳದ ಹೊಗಿ ಒಳಗ ಹೊಕ್ಕತೈತಿ. ಕೂಸಿಗೆ ಕೆಮ್ಮ ಬರ್ತೈತಿ. ಇಲ್ಲೇ ಹೂಡು. ಬಣವಿ ಹೋಗಿ ಜಾಗ ಹೆಂಗ ಬಯಲಾಗೇತಿ ನೋಡು."

"ಕೂಸು ಈಗ..."

"ಕೂಸಿನ ಚಿಂತಿ ನನಗ ಬಿಡು."

"ಹುಲ್ಲು ಉದುರೇತ್ರಿ ಇಲ್ಲಿ."

"ಬಣವೀನ ಹೋತು. ಉದುರಿದ್ದು ಏನ ಮಾಡ್ತೈತಿ?"

ಉದುರಿದ್ದು ಏನು ಮಾಡುತ್ತದೆ ಎಂಬುದು ಇನ್ನೆರಡು ತಾಸಿನಲ್ಲಿ ಗೊತ್ತಾಯಿತು.

ಅನ್ನ ಆಗಿತ್ತು. ಸಾರು, ಮಜ್ಜಿಗೆ ಸಿದ್ಧವಾಗಿದ್ದವು. ಬೆಲ್ಲ ಹಾಕಿದ ಗೋಧಿ ಹುಗ್ಗಿ ಕೊನೆಯ ಕುದಿಯಲ್ಲಿತ್ತು. ನಾನು ಅಂಗಳದಲ್ಲಿ ನಿಂತು, ಬೆಂಕಿಯ ವಿಷಯದಲ್ಲಿ ಮನುಷ್ಯ ಎಷ್ಟು ಹುಷಾರಾಗಿರಬೇಕು ಎಂದು ನಾಲ್ಕು ಜನಕ್ಕೆ ತಿಳಿಸಿ ಹೇಳುತ್ತಿದ್ದೆ. ಒಮ್ಮೆ ಜೋರು ಗಾಳಿ ಬೀಸಿತು. ಹಿತ್ತಲಿಂದ ಗಂಗವ್ವನ ಕೂಗು ಕೇಳಿತು. ಒಲೆಯ ಕೆಂಡ ಹಾರಿ ಉದುರಿದ ಹುಲ್ಲಿಗೆ ತಾಕಿತ್ತು. ಬೆಂಕಿ ಚಾಪೆ ಹಾಸಿದಂತೆ ನೆಲದ ಮೇಲೆ ಹರಡುತ್ತ, ನೇರವಾಗಿ ಕೂಸಿನ ಕೋಣೆಯ ಕಿಟಕಿಯ ಕಡೆಗೇ ಹೊರಟಿತ್ತು.

ಎಲ್ಲರೂ ಡ್ರಮ್ಮಿನ ಕಡೆ ಓಡಿದರು. ನಾಲ್ಕು ಜನ ಸೇರಿ ನನ್ನ ಗಂಟು ಬಿಚ್ಚಲು ಹೆಣಗಾಡಿದರು. ಅದು ಬಿಚ್ಚಲಿಲ್ಲ. ಆ ಸಂಕಟದಲ್ಲೂ ನನಗೆ ತುಸು ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ.

"ಯಾವ ಪುಣ್ಯಾತ್ಮ ಹಾಕ್ಯಾನ ಈ ಗಂಟು?" ಎಂದು ಫಕ್ಕೀರಪ್ಪ ಕುಡುಗೋಲು ಹುಡುಕಲು ಓಡಿದ. ಉತ್ತರ ಕೊಡಲು ನಾನು ಅಲ್ಲಿ ನಿಲ್ಲಲಿಲ್ಲ. ಒಳಗೆ ನುಗ್ಗಿದೆ.

ಕೋಣೆಯ ತುಂಬ ಹೊಗೆ. ಕಣ್ಣು ಬಿಡಲಾಗಲಿಲ್ಲ. ತಡಕಾಡಿ ತೊಟ್ಟಿಲು ಹಿಡಿದೆ. ಕೈಗೆ ಕೂಸಿನ ತಲೆಯ ಕುಂಚಿಗೆ ಸಿಕ್ಕಿತು, ಕೌದಿ ಸಿಕ್ಕಿತು, ಅದರೊಳಗೆ ಮೊಮ್ಮಗಳು ಸಿಕ್ಕಳು. ಎದೆಗವಚಿಕೊಂಡು ಬೀದಿಗೆ ಓಡಿದೆ. ಕೂಸು ಅಳಲಿಲ್ಲ. ನಮ್ಮ ಮನೆತನದ ಧೈರ್ಯ ಎಂದುಕೊಂಡೆ. ಕೈ ಸೋತು ಬಂತು. ಎರಡೂವರೆ ತಿಂಗಳಿಗೆ ಏನು ಮೈ ತುಂಬಿಕೊಂಡಿದ್ದಾಳೆ ಎಂದು ಕಣ್ಣಲ್ಲಿ ನೀರು ಬಂತು. "ಹೆದರಬ್ಯಾಡವ್ವ, ಅಜ್ಜ ಇದ್ದಾನ," ಎಂದು ದಾರಿಯುದ್ದಕ್ಕೂ ಹೇಳುತ್ತಾ ಫಕ್ಕೀರಪ್ಪನ ಮನೆಯ ಜಗಲಿ ಹತ್ತಿದೆ.

ಅಲ್ಲಿ ನೋಡಿದರೆ ಸವಿತಾ ಸೆರಗು ಹೊದ್ದುಕೊಂಡು ಹಾಯಾಗಿ ಕುಳಿತಿದ್ದಾಳೆ. ಪಕ್ಕದಲ್ಲಿ ಫಕ್ಕೀರಪ್ಪನ ತಾಯಿ ಚನ್ನವ್ವ. ನನಗೆ ಮೈಯೆಲ್ಲ ಉರಿಯಿತು.

"ಕೂಸಿನ್ನ ಬೆಂಕ್ಯಾಗ ಬಿಟ್ಟು ನೀ ಒಬ್ಬಾಕಿ ಇಲ್ಲಿ ಬಂದು ಕುಂತೀಯೇನ? ತಾಯೇನ ನೀ? ತಗೋ ನಿನ್ನ ಮಗಳ್ನ. ನಾ ಇದ್ದೆ ಅಂತ ಉಳೀತು."

ಸವಿತಾ ನನ್ನ ಮುಖ ನೋಡಿದಳು. ಕೈಯಲ್ಲಿದ್ದುದನ್ನು ನೋಡಿದಳು. ಆಗ ಅವಳ ಸೆರಗಿನ ಕೆಳಗಿನಿಂದ ಒಂದು ಪುಟ್ಟ ಕಾಲು ಹೊರಗೆ ಬಂದು ಗಾಳಿಗೆ ಒದೆಯಿತು.

ನನಗೆ ಏನೂ ತಿಳಿಯಲಿಲ್ಲ. ನನ್ನ ಕೈಯಲ್ಲಿ ಒಂದು ಕೂಸು. ಅವಳ ತೊಡೆಯ ಮೇಲೆ ಒಂದು ಕೂಸು. ಅವಳಿ ಹುಟ್ಟಿದ್ದನ್ನು ನನ್ನಿಂದ ಮುಚ್ಚಿಟ್ಟಿದ್ದಾರೆಯೇ ಎಂಬ ಸಂಶಯ ಬಂತು. ಸಂಶಯದ ಹಿಂದೆಯೇ ಸಂತೋಷವೂ ಬಂತು.

ಚನ್ನವ್ವ ಎದ್ದು ಬಂದು ಕುಂಚಿಗೆ ಸರಿಸಿದಳು. ಒಳಗೆ ನಮ್ಮ ಮನೆಯ ಖಾರ ಅರೆಯುವ ಗುಂಡುಕಲ್ಲು ಮಲಗಿತ್ತು. ಹಣೆಗೆ ಕಾಡಿಗೆಯ ಬೊಟ್ಟು ಬೇರೆ.

ಕೂಸನ್ನು ಎತ್ತಿಕೊಂಡಾಗ ತೊಟ್ಟಿಲು ಬರಿದು ಬಿಡಬಾರದೆಂದು ನಮ್ಮ ಹೆಂಗಸರು ಅದರಲ್ಲಿ ಗುಂಡುಕಲ್ಲು ಮಲಗಿಸುತ್ತಾರೆ. ಇದು ನನಗೆ ಗೊತ್ತಿಲ್ಲದ ಪದ್ಧತಿಯೇನಲ್ಲ. ನನ್ನ ತೊಟ್ಟಿಲಲ್ಲೂ ಮಲಗಿಸಿದ್ದರಂತೆ.

"ಅಪ್ಪಾ, ಧೂಳು ಹತ್ತತೈತಿ ಅಂತ ಅವ್ವ ನಸಿಕಿನ್ಯಾಗ ನಮ್ಮನ್ನ ಇಲ್ಲಿ ಕಳಿಸ್ಯಾಳ. ನಿನಗ ಎರಡ ಸರ್ತಿ ಹೇಳೇನಿ," ಎಂದಳು ಸವಿತಾ. "ನೀ ಹ್ಞೂಂ ಅಂದಿ."

"ಮಾರಿ ಮಾತ್ರ ಅಜ್ಜನ್ನ ಹೋಲತೈತಿ ನೋಡು," ಎಂದು ಚನ್ನವ್ವ ಕಲ್ಲನ್ನು ಜಗಲಿಯ ಮೇಲೆ ಇಟ್ಟಳು.

ನಾನು ಹಿತ್ತಲಿಗೆ ಮರಳುವಷ್ಟರಲ್ಲಿ ಊರವರು ಮನೆ ಉಳಿಸಿದ್ದರು. ಕುಡುಗೋಲು ಸಿಗದೆ ಫಕ್ಕೀರಪ್ಪ ಮೊದಲು ಮಜ್ಜಿಗೆಯ ಕೊಡ ಸುರಿದಿದ್ದ. ಆಮೇಲೆ ಸಾರಿನ ಹಂಡೆ. ಹೆಂಗಸರು ಬಾವಿಯಿಂದ ಸಾಲು ಹಚ್ಚಿ ಕೊಡ ದಾಟಿಸಿದ್ದರು, ಗಂಡಸರು ಹಸಿ ಬೇವಿನ ಟೊಂಗೆಯಿಂದ ನೆಲ ಬಡಿದಿದ್ದರು. ಒಬ್ಬ ಹುಗ್ಗಿಯ ಪಾತ್ರೆಗೂ ಕೈ ಹಾಕಿದಾಗ, "ಅದನ್ನ ಮುಟ್ಟಬ್ಯಾಡ, ಮನಿ ಸುಟ್ಟರ ಮತ್ತ ಕಟ್ಟೂಣಂತ," ಎಂದು ಎಲ್ಲರೂ ತಡೆದರಂತೆ. ಕಿಟಕಿಯ ಚೌಕಟ್ಟು ಮಾತ್ರ ಕರಿ ಹಿಡಿದಿತ್ತು. ಬೆಂಕಿ ಅಲ್ಲಿಯವರೆಗೂ ಬಂದಿತ್ತು. ಅದನ್ನು ಮುಟ್ಟಿ ನೋಡಿದೆ. ಇನ್ನೂ ಬಿಸಿಯಾಗಿತ್ತು. ಅಲ್ಲೇ ನೆಲದ ಮೇಲೆ ಕುಳಿತೆ.

ಅಂದು ಎಲ್ಲರೂ ಅನ್ನಕ್ಕೆ ಹುಗ್ಗಿ ಕಲಸಿಕೊಂಡು ಉಂಡರು. ಹಿತ್ತಲೆಲ್ಲ ಒಗ್ಗರಣೆಯ ವಾಸನೆ.

ಸಂಜೆ ಮತ್ತೆ ಗುಡಿಯ ಕಟ್ಟೆ. ಇನ್ನು ಮುಂದೆ ಬೆಂಕಿ ಬಿದ್ದರೆ ಯಾರು ಏನು ಮಾಡಬೇಕು ಎಂದು ಕೆಲಸ ಹಂಚಿದರು. ಫಕ್ಕೀರಪ್ಪನಿಗೆ ಪಂಪಿನ ಪೈಪು. ಗಂಗವ್ವನಿಗೆ ಬಾವಿಯ ಸಾಲು. ಇನ್ನಿಬ್ಬರಿಗೆ ದನಗಳ ಹಗ್ಗ ಕೊಯ್ಯುವ ಕೆಲಸ. ನಾನು ಕಾದೆ. ನನ್ನ ಹೆಸರು ಬರಲಿಲ್ಲ.

"ನನಗೇನ ಕೆಲಸರಿ?" ಎಂದು ಕೇಳಿದೆ.

ಎಲ್ಲರೂ ಚನ್ನವ್ವನ ಕಡೆ ನೋಡಿದರು.

"ಬೆಂಕಿ ಬಿದ್ದ ಕೂಡ್ಲೇ ಗೌರಿನ್ನ ತಂದು ಇವನ ತೊಡಿ ಮ್ಯಾಲ ಮಲಗಸ್ರಿ," ಎಂದಳು ಚನ್ನವ್ವ. "ಕೂಸು ತೊಡಿ ಮ್ಯಾಲ ಇದ್ದರ ಈ ಮನಷ್ಯಾ ಏಳೂದಿಲ್ಲ. ಊರು ಉಳೀತೈತಿ."

ಒಬ್ಬರೂ ಬೇಡ ಎನ್ನಲಿಲ್ಲ. ನನ್ನ ಹೆಂಡತಿಯಂತೂ ಎರಡೂ ಕೈ ಎತ್ತಿದಳು.

ಹೀಗೆ ಊರಿನ ಬೆಂಕಿ ಕಾವಲಿನಲ್ಲಿ ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು. ಎರಡೂವರೆ ತಿಂಗಳಿಗೇ ಊರಿನ ಜವಾಬ್ದಾರಿ ಹೊತ್ತವರು ನಮ್ಮ ಮನೆತನದಲ್ಲಿ ಹಿಂದೆ ಯಾರೂ ಇಲ್ಲ. ಅಕ್ಕಿಆಲೂರಿನ ಸಂತೆಗೆ ಹೋದಾಗಲೆಲ್ಲ ಕಂಡವರಿಗೆ ಇದನ್ನು ಹೇಳುತ್ತೇನೆ. ಅದೇನು ಕೆಲಸ ಎಂದು ಯಾರಾದರೂ ಕೇಳಿದರೆ ಮಾತ್ರ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬರುತ್ತೇನೆ.