ಅಕ್ಕೋರ ಮನೆಗೆ ಐದು ರೊಟ್ಟಿ

ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಪದವಿ ಬಂದು ಗಂಟುಬೀಳುತ್ತದೋ ಹೇಳಲಿಕ್ಕಾಗದು. ಅಷ್ಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಮೂಗು ಒರೆಸಿದರೂ ಹೆಡ್‌ಮಾಸ್ತರಿಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಿವೃತ್ತಳಾಗಿ, ಇನ್ನು ಹಪ್ಪಳ ಒಣಗಿಸುತ್ತ ಕಾಲ ಕಳೆಯೋಣ ಎಂದುಕೊಂಡರೆ ಮನೆ ಬಾಗಿಲಿಗೇ ಬಂದು ನನ್ನನ್ನು ಅಡ್ಮಿನ್ ಮಾಡಿದರು. ಮೊಬೈಲಿನಲ್ಲಿ ಬರೆಯುವಾಗ ಒಂದು ದೀರ್ಘ ಹುಡುಕುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಸುವವಳು ನಾನು. ಆದರೂ ಬೇಡ ಅನ್ನಲಿಲ್ಲ. ಪದವಿ ಅಂದರೆ ಯಾರಿಗೆ ಆಸೆ ಇರುವುದಿಲ್ಲ?

ನಮ್ಮ ರಬಕವಿ ನೇಕಾರರ ಊರು. ಪಕ್ಕದ ಮನೆಯ ರಜಾಕಭಾಯಿಯ ಮಗ್ಗಗಳು ನಡೆಯುವಾಗ ನಮ್ಮ ಗೋಡೆಯ ಮೇಲಿನ ದೇವರ ಫೋಟೋ ಕೂಡ ಸಣ್ಣಗೆ ತಲೆದೂಗುತ್ತದೆ. ಆ ಸದ್ದಿನಲ್ಲಿ ಫೋನಿನ ಗಂಟೆ ಕೇಳುವುದಿಲ್ಲ, ಎತ್ತಿದರೆ ಮಾತೂ ಕೇಳುವುದಿಲ್ಲ. ಹೀಗಾಗಿ ವಾಟ್ಸಾಪ್ ಬಂದದ್ದೇ ನಮ್ಮ ಊರಿಗಾಗಿ ಎಂದು ನನ್ನ ನಂಬಿಕೆ. ಕರೆಂಟು ಹೋಗಿ ಮಗ್ಗ ನಿಂತ ಕೂಡಲೇ ಓಣಿಗೆ ಓಣಿಯೇ ಮೊಬೈಲು ತೆಗೆದು ಕೂರುತ್ತದೆ. ಮುಖ್ಯ ಸುದ್ದಿ ಏನಿದ್ದರೂ ಕರೆಂಟು ಹೋದಾಗ ಹಾಕಬೇಕು ಎನ್ನುವುದನ್ನು ಕಂಡುಹಿಡಿದದ್ದು ರಜಾಕಭಾಯಿಯ ಮಗಳು ಶಾಹೀನ್. ಕಾಲೇಜು ಓದುವ ಹುಡುಗಿ. ಅವಳೂ, ಬೀರಪ್ಪನ ಗುಡಿ ಓಣಿಯ ಬಸುವೂ, ಇನ್ನೊಂದಷ್ಟು ಗೆಳೆಯರೂ ಸೇರಿ 'ಐತವಾರದ ಬಳಗ' ಅಂತ ಕಟ್ಟಿಕೊಂಡರು. ಒಂದು ಐತವಾರ ದರ್ಗಾದ ಅಂಗಳ ಗುಡಿಸುವುದು, ಮುಂದಿನ ಐತವಾರ ಬೀರಪ್ಪನ ಗುಡಿಯ ಅಂಗಳ. ನಡುವೆ ಯಾವ ಓಣಿಯ ಮುದುಕರಿದ್ದರೂ ಸರಿ, ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವುದು. ಎಲ್ಲ ಏರ್ಪಾಟೂ ಮೊಬೈಲಿನಲ್ಲೇ, ಬಳಗದ ವಾಟ್ಸಾಪ್ ಗುಂಪಿನಲ್ಲಿ.

ಇದರೊಳಗೆ ನಾನು ಹೇಗೆ ಬಂದೆ ಎಂದರೆ, ರಜಾಕಭಾಯಿ ಹಾಕಿದ ಷರತ್ತಿನಿಂದ. "ಹುಡುಗರು ಹುಡುಗ್ಯಾರು ಕೂಡಿ ಅಡ್ಡಾಡೂ ಕೆಲಸ. ಅಕ್ಕೋರು ಮುಂದ ನಿಂತ್ರ ನಮ್ಮ ಹುಡುಗೀನ ಕಳಸ್ತೇನಿ. ಅವರು ಬಿಟ್ಟ ದಿನ ಆಕೀನೂ ಬಿಟ್ಟಂಗ," ಅಂದುಬಿಟ್ಟರು. ನಮ್ಮ ಕಡೆ ಶಾಲೆ ಕಲಿಸಿದ ಹೆಂಗಸಿಗೆ ಸಾಯುವವರೆಗೂ ಅಕ್ಕೋರು ಎನ್ನುವ ಹೆಸರು ತಪ್ಪುವುದಿಲ್ಲ. ಸಾಲದ್ದಕ್ಕೆ ಕಣ್ಣಿಡಲಿಕ್ಕೆಂದು ರಜಾಕಭಾಯಿ ತಾವೂ ಬಳಗಕ್ಕೆ ಸೇರಿಕೊಂಡರು. ನಾನು ಉತ್ಸಾಹದಿಂದ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ, ಅದರ ಮೇಲೊಂದು ಸುಭಾಷಿತ ಹಾಕತೊಡಗಿದೆ. ಶಾಹೀನ್ ಒಂದು ದಿನ ನಯವಾಗಿ, "ಅಕ್ಕೋರ, ಹೂವು ಭಾಳ ಛಲೋ ಅದಾವ್ರಿ. ಆದ್ರ ಡಾಕ್ಟರು ಎಷ್ಟಕ್ಕ ಬರತಾರಂತ ಹಾಕಿದ್ದು ಅದರ ಬುಡಕ ಮುಚ್ಚಿಹೋಗಾಕತ್ತೈತ್ರಿ," ಅಂದಳು. ಅಂದಿನಿಂದ ಗುಲಾಬಿ ನಿಂತಿತು. ಮನಸ್ಸಿಗೆ ಸ್ವಲ್ಪ ಚುರುಕ್ ಅಂದದ್ದು ಖರೆ.

ಆ ಮಳೆಗಾಲ ಮೇಲಿನಿಂದ ಬಂದ ನೀರಿಗೆ ಕೃಷ್ಣೆ ಉಕ್ಕಿ, ಹೊಳೆದಂಡೆಯ ಹಳ್ಳಿಗಳ ಜನ ಗಂಟುಮೂಟೆ ಸಮೇತ ನಮ್ಮ ಶಾಲೆಗೆ ಬಂದು ಕೂತರು. ಶಾಹೀನ್ ಒಂದು ಸುದ್ದಿ ಬರೆದಳು. ಪ್ರತಿ ಮನೆಯಿಂದ ಐದು ಖಡಕ್ ರೊಟ್ಟಿ ಇಂದು ಸಂಜೆಯೊಳಗೆ ಅಕ್ಕೋರ ಮನೆಗೆ ಮುಟ್ಟಿಸಿರಿ, ಹಸಿದವರಿದ್ದಾರೆ ಎಂದು. ಕೆಳಗೆ ನಮ್ಮ ಮನೆಯ ಗುರುತು, ಮೇಲೆ ತಾರೀಖು. ನನ್ನ ಕೈ ಸುಮ್ಮನಿರಬೇಕಲ್ಲ. ಕೆಂಪು ಶಾಯಿಯ ಚಟ ನಿವೃತ್ತಿಯ ಜೊತೆ ಹೋಗುವಂಥದ್ದಲ್ಲ. "ಇಂದು ಅಂತ ಬರದ ಮ್ಯಾಲ ತಾರೀಖ ಯಾಕ ಬೇ?" ಎಂದು ತಾರೀಖು ತೆಗೆಸಿಬಿಟ್ಟೆ.

ನಮ್ಮ ಕಡೆ ನಾಲ್ಕು ಮಂದಿ ಉಣ್ಣುವ ಕೆಲಸವಿದ್ದರೆ ಮನೆಗೆ ಇಷ್ಟು ಅಂತ ರೊಟ್ಟಿ ಕೇಳುವುದು ಹಳೆಯ ಪದ್ಧತಿ. ಕೇಳಿದವರ ಜಾತಿ, ಕಾರಣ ಯಾರೂ ವಿಚಾರಿಸುವುದಿಲ್ಲ, ಹಂಚು ಒಲೆಗೆ ಏರಿಸುತ್ತಾರೆ, ಅಷ್ಟೇ. ಅಂದು ಸಂಜೆ ನಮ್ಮ ಪಡಸಾಲೆ ತುಂಬಿತು, ಶಾಲೆಯಲ್ಲಿದ್ದವರೆಲ್ಲ ಉಂಡರು. ಹೊಳೆ ಇಳಿಯಿತು, ಜನ ಊರಿಗೆ ಹೋದರು. ಆದರೆ ಸುದ್ದಿ ಊರಿಗೆ ಹೋಗಲಿಲ್ಲ. ತಾರೀಖಿಲ್ಲದ ಆ ಸುದ್ದಿ ಜಮಖಂಡಿ ಸುತ್ತಿ, ಮುಧೋಳ ಮುಟ್ಟಿ, ಬೀಳಗಿಗೆ ಹೊರಟಿತು. ಯಾರು ಓದಿದರೂ ಅವರಿಗೆ ಅದು 'ಇಂದು'. ಜೋಳದ ಸುಗ್ಗಿ ಬಂದರೂ ನಮ್ಮ ಮನೆಗೆ ರೊಟ್ಟಿ ಬರುತ್ತಲೇ ಇತ್ತು. ಖಡಕ್ ರೊಟ್ಟಿ, ಕೆಡುವುದೂ ಇಲ್ಲ. ಡಬ್ಬಿ ತುಂಬಿ, ಟ್ರಂಕು ತುಂಬಿ, ಟೀವಿಯ ಮೇಲೂ ಏರಿತು. ನಮ್ಮ ಮನೆಯವರು, "ಊರ ನೆರಿ ಇಳೀತು. ನಮ್ಮ ಮನ್ಯಾಗ ಈಗ ಏರಾಕತ್ತೈತಿ ನೋಡು," ಎಂದು ಚಟ್ನಿಪುಡಿ ಹುಡುಕಿಕೊಂಡು ಹೋದರು.

ಒಂದು ಮಧ್ಯಾಹ್ನ ಸಮೀರವಾಡಿಯಿಂದ ಒಬ್ಬರು ತಮ್ಮ ಓಣಿಯ ರೊಟ್ಟಿಯೆಲ್ಲ ಮೋಟಾರ್‌ಸೈಕಲ್ಲಿಗೆ ಕಟ್ಟಿಕೊಂಡು ಬಂದರು. ನೆರೆ ಎಂದೋ ಇಳಿದಿದೆ ಎಂದರೆ, "ಇಂದು ಅಂತ ಐತಲ್ರೀ ಅಕ್ಕೋರ," ಎಂದು ನಾನೇ ನೆರೆಯನ್ನು ಎಲ್ಲೋ ಬಚ್ಚಿಟ್ಟಿದ್ದೇನೆ ಎಂಬಂತೆ ನೋಡಿದರು. ಅವರು ಹೋಗುವುದಕ್ಕೂ ಬಸು ಬಳಗದಲ್ಲಿ, "ಅಕ್ಕೋರ, ಇಂದಿನ ರೊಟ್ಟಿ ಬೆಳಿ ಹೆಂಗೈತ್ರಿ?" ಎಂದು ನಗುವ ಮುಖ ಹಾಕುವುದಕ್ಕೂ ಸರಿಹೋಯಿತು. ನನಗೆ ನೆತ್ತಿಗೇರಿತು. ಸಿಟ್ಟಿನಲ್ಲಿ ದೀರ್ಘ ಹುಡುಕುವ ಗೊಡವೆಯಿಲ್ಲ, ಒಂದೇ ಗುಂಡಿ ಒತ್ತಿ ಬಳಗದಿಂದ ಹೊರಬಿದ್ದೆ.

ಚಹಾ ಕುದಿಯುವುದರೊಳಗೆ ರಜಾಕಭಾಯಿ ಬಾಗಿಲಲ್ಲಿದ್ದರು. ಹಿಂದೆ ಶಾಹೀನ್, ತಲೆ ತಗ್ಗಿಸಿಕೊಂಡು. ಅವರು ಮೊಬೈಲನ್ನು ಚೇಳು ಹಿಡಿದಂತೆ ಹಿಡಿದಿದ್ದರು. "ಏನ್ ಮಾಡಿದ್ರಿ ಅಕ್ಕೋರ? ನೀವು ಬಿಟ್ಟಕೂಡ್ಲೇ ಇದು ನನ್ನ ಅಡ್ಮಿನ್ ಮಾಡೇತ್ರಿ! ಒಂದ್ ಮಾತ ಕೇಳಬಾರದೇನ್ರಿ?" ನನಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಅವರು ದನಿ ತಗ್ಗಿಸಿ, "ಮಾತು ಅಂದ್ರ ಮಾತರಿ. ನೀವ ಇಲ್ಲಂದ್ರ ನಾಳಿಂದ ಶಾಹೀನೂ ಇಲ್ಲ. ರೊಟ್ಟಿ ಸಾಕು, ಬಳಗ ಮುಚ್ಚೇತಿ ಅಂತ ನೀವ ಇದರಾಗ ಬರದ ಕೊಡ್ರಿ," ಅಂದರು. ಆ ಹುಡುಗಿ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಳು. ನನ್ನ ಒಂದು ಗಳಿಗೆಯ ಸಿಟ್ಟಿಗೆ ಅವಳ ಐತವಾರಗಳೆಲ್ಲ ಹೋಗುವುದರಲ್ಲಿದ್ದವು. ತಿರುಗಿ ಸೇರುತ್ತೇನೆ ಎಂದು ಅಂಗಲಾಚಿದೆ. ಅವರು ಕೇಳಲಿಲ್ಲ. ಮೊಬೈಲು ಇಸಿದುಕೊಂಡು ಬರೆಯಲು ಕೂತೆ. 'ಬಳಗ ಮುಚ್ಚೇತಿ' ಅನ್ನುವುದರ ದೀರ್ಘ ಸಿಗಲೊಲ್ಲದು.

"ಅಕ್ಕೋರ ಮನಿ ಇದ ಏನ್ರಿ?" ಎಂದು ಹೊರಗೊಂದು ದನಿ. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಗಂಟು, ಒಬ್ಬ ಮುದುಕಿ. ಕುರಿ ಕಾಯುವವರ ಮನೆಯವಳು. ನೆರೆಯಲ್ಲಿ ನಮ್ಮ ಶಾಲೆಯಲ್ಲಿದ್ದವಳಂತೆ. ಅನಗವಾಡಿಗೆ ಮಗಳ ಮನೆಗೆ ಹೋದಾಗ ಅಳಿಯನ ಮೊಬೈಲಿಗೆ ನಮ್ಮ ಸುದ್ದಿ ಬಂದಿದೆ, ಓದಿಸಿಕೊಂಡು ಕೇಳಿದ್ದಾಳೆ. ರೊಟ್ಟಿ ಬಡಿದುಕೊಂಡು ಬಸ್ಸು ಹತ್ತಿ ಬಂದಿದ್ದಾಳೆ. "ಅವತ್ತ ನಾವು ಉಂಡ್ವಿ. ಇವತ್ತ ಮತ್ಯಾರಿಗೋ ಬೇಕಾಗೇತಂತಲ್ರೀ," ಎಂದು ಗಂಟು ಬಿಚ್ಚಿದಳು. ಐದೇ ರೊಟ್ಟಿ. ಮತ್ತೆ ಶಾಹೀನಳ ಮುಖ ನೋಡಿ, "ಸಾಲ್ಯಾಗ ನನ್ನ ಮೊಣಕಾಲಿಗೆ ಎಣ್ಣಿ ತಿಕ್ಕಿದಾಕಿ ನೀನ ಅಲ್ಲೇನ ಬೇ?" ಎಂದು ಅವಳ ಗಲ್ಲ ಸವರಿ ತನ್ನ ಹಣೆಗೆ ಬೆರಳು ಮುರಿದುಕೊಂಡಳು. "ಇವರು ನಿಮ್ಮಪ್ಪ ಏನು? ಪುಣ್ಯಾ ಮಾಡೀರಪಾ."

ಸುದ್ದಿ ಹಳೆಯದು ಎಂದು ಹೇಳದೆ ರೊಟ್ಟಿಗೆ ಸೆರಗು ಒಡ್ಡಿದೆ. ರಜಾಕಭಾಯಿ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡರು, ಬರೆದದ್ದನ್ನು ಅಳಿಸಿದರು. "ಶಾಹೀನ್, ಬಸೂಗ ಸುದ್ದಿ ಹಾಕು. ಸರಕಾರಿ ದವಾಖಾನಿ ಮುಂದ ಪರಊರ ಮಂದಿ ಕುಂತಿರತಾರಲ್ಲ, ಅವರಿಗೆ ಈ ರೊಟ್ಟಿ ಮುಟ್ಟಲಿ."

"ಅಬ್ಬಾ, ನಾ ಹೋಗಲ್ಯಾ?" ಎಂದು ಅವಳು ಅಪ್ಪನನ್ನು ಕೇಳಿದಳು.

"ಅಡ್ಮಿನ್ ಮಗಳ ಬರಲಿಲ್ಲಂದ್ರ ಮಂದಿ ನನಗ ಏನಂದಾರು?"

ಆ ಸುದ್ದಿ ಈಗಲೂ ತಿರುಗುತ್ತಿದೆ. ರೊಟ್ಟಿ ಬರುತ್ತದೆ, ಐತವಾರ ದವಾಖಾನೆಗೆ ಹೋಗುತ್ತದೆ. ಇನ್ನಾದರೂ ತಾರೀಖು ಹಾಕೋಣವೇ ಎಂದು ಬಸು ಕೇಳಿದಾಗ, "ಇಂದು ಅಂದ ಮ್ಯಾಲ ತಾರೀಖ ಯಾಕಲೇ? ನಾ ಬೇಕಂತಲೇ ತಗಸಿದ್ದು," ಎಂದು ಗದರಿದೆ. ಒಬ್ಬರೂ ನಂಬಲಿಲ್ಲ. ರಜಾಕಭಾಯಿ ನನ್ನನ್ನು ತಿರುಗಿ ಬಳಗಕ್ಕೆ ಸೇರಿಸಿಕೊಂಡರು, ಆದರೆ ಪದವಿ ಮಾತ್ರ ಕೊಡಲಿಲ್ಲ. "ನಿಮಗ ಸಿಟ್ಟು ಭಾಳ್ರಿ ಅಕ್ಕೋರ. ಅಡ್ಮಿನ್ ಅಂದ್ರ ತಾಳ್ಮಿ ಬೇಕು." ತಾಳ್ಮೆಯೇನೋ ಅವರಿಗಿದೆ. ಮಗ್ಗ ಹಚ್ಚುವ ಮೊದಲು ದಿನಾ ಬೆಳಿಗ್ಗೆ ಒಂದು ದೊಡ್ಡ ಗುಲಾಬಿ ಹೂವು ಹಾಕುತ್ತಾರೆ, ಡಾಕ್ಟರ ವೇಳೆ ಹಾಕಿದ ಸುದ್ದಿಯ ಮೇಲೆ ಸರಿಯಾಗಿ. ಇವರಿಗೆ ಇದನ್ನು ಕಲಿಸಿದವರು ಯಾರು ಎಂಬಂತೆ ಶಾಹೀನ್ ನನ್ನನ್ನೇ ನೋಡುತ್ತಾಳೆ. ನಾನು ರೊಟ್ಟಿ ಜೋಡಿಸುವ ನೆಪದಲ್ಲಿ ತಲೆ ತಗ್ಗಿಸುತ್ತೇನೆ.