ಜರಗನಹಳ್ಳಿಯ ಇಂಟರ್ನ್ ಹೋರಾಟಗಾರ್ತಿ

ನಾನು ಎಲ್ಲಿಗೇ ಹೋಗಲಿ, ಏನಾದರೊಂದು ಎಡವಟ್ಟು ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತದೆ. ಗದಗದಲ್ಲಿ ಹೀಗಾದಾಗ ನಗಲಿಕ್ಕೆ ಓಣಿಯೇ ಇತ್ತು. ಬೆಂಗಳೂರಿನಲ್ಲಿ ನಾನೇ ಎಡವಬೇಕು, ನಾನೇ ನಗಬೇಕು.

ಡಿಗ್ರಿ ಮುಗಿಸಿ, ವಿದ್ಯಾರ್ಥಿಗಳ ಹಕ್ಕಿಗಾಗಿ ದುಡಿಯುವ ಒಂದು ಸಣ್ಣ ಸಂಘಟನೆಗೆ ಆರು ತಿಂಗಳ ಇಂಟರ್ನ್‌ಶಿಪ್ಪಿಗೆ ಬಂದಿದ್ದೆ. ಆಫೀಸು ಜಯನಗರದಲ್ಲಿ, ಬ್ಲೌಸ್ ಹೊಲಿಯುವ ಅಂಗಡಿಯ ಮೇಲೆ. ಒಳಗೆ ನಾನು, ನಮ್ಮ ಸಂಚಾಲಕಿ ಅಕ್ಕ ಮತ್ತು ಒಂದು ಪ್ರಿಂಟರು. ಅಕ್ಕ ಸದಾ ಹೊರಗೆ, ಪ್ರಿಂಟರು ಸದಾ ಆಫ್‌ಲೈನು. ಮಾತಿಗೆ ಉಳಿಯುತ್ತಿದ್ದವಳು ನಾನೊಬ್ಬಳೇ.

ರೂಮು

ಜರಗನಹಳ್ಳಿಯಲ್ಲಿ ರೂಮು ನೋಡಲು ಹೋದೆ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಬೆಳೆಸಿದ್ದ ಓನರ್ ಆಂಟಿ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಏನ್ ಕೆಲ್ಸಮ್ಮ ನಿಂದು?"

"ಹೋರಾಟರೀ."

"ಅಂದ್ರೆ ಧಿಕ್ಕಾರ ಕೂಗೋದಾ?"

"ಹೌದ್ರೀ. ಅದನ್ನ ಕಲಿಯಾಕ ಬಂದೇನ್ರಿ. ಟ್ರೇನಿಂಗ್."

"ಅದಕ್ಕೂ ಟ್ರೇನಿಂಗಾ? ನಮ್ ನಾದಿನಿಗೆ ಹುಟ್ತಾನೇ ಬಂದಿತ್ತು." ಎರಡು ಕಾಯಿ ಸುಲಿದು ಅನುಮಾನದಿಂದ ನನ್ನ ಮುಖ ನೋಡಿದರು. "ಯಾರ್ ಮೇಲೆ ಕೂಗ್ತೀಯ? ಓನರ್‌ಗಳ ಮೇಲಾ?"

"ಇಲ್ರೀ, ಕಾಲೇಜ್ ನಡಸೋರ ಮ್ಯಾಲ."

"ಹಂಗಾದ್ರೆ ಸರಿ. ಬೀಗದ ಕೈ ತಗೋ. ನೀರು ಬೆಳಿಗ್ಗೆ ಆರರಿಂದ ಏಳರ ತನಕ. ಅದರ ವಿಷ್ಯದಲ್ಲಿ ಹೋರಾಟ ಗೀರಾಟ ಇಲ್ಲ."

ಮೆರವಣಿಗೆ

ಮೊದಲ ಭಾನುವಾರ ಅಕ್ಕನ ಮೆಸೇಜು: ಬೆಳಿಗ್ಗೆ ಏಳಕ್ಕೆ ಜೆ.ಪಿ. ನಗರದ ಪಾರ್ಕಿನ ಗೇಟಿಗೆ ಬಾ, ಮೆರವಣಿಗೆ ಇದೆ. ಐದು ನಿಮಿಷ ಮೊದಲೇ ಹೋದೆ. ನೂರಾರು ಜನ, ಕೈಯಲ್ಲಿ ಫಲಕಗಳು. ವಿದ್ಯಾರ್ಥಿಗಳ ಪರವಾಗಿ ಇಷ್ಟೊಂದು ಅಂಕಲ್ ಆಂಟಿಯರು ಎದ್ದು ಬಂದಿದ್ದಾರಲ್ಲ ಎಂದು ಎದೆ ತುಂಬಿ ಬಂತು. ಯಾರೋ ಬಿಳಿ ಟೀ ಶರ್ಟ್ ಕೊಟ್ಟರು, ಹಾಕಿಕೊಂಡೆ. ಮುಂದೆ ನುಗ್ಗಿ ಮುಷ್ಟಿ ಎತ್ತಿ, "ನಮ್ಮ ಹಕ್ಕು ನಮಗೆ ಕೊಡಿ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಪಕ್ಕದ ಅಂಕಲ್ ಏದುಸಿರು ಬಿಡುತ್ತ, "ಕರೆಕ್ಟಮ್ಮ, ಸಕ್ಕರೆ ಬಿಡೋದೂ ನಮ್ಮ ಹಕ್ಕೇ" ಅಂದರು.

ಆಗ ಅವರ ಬೆನ್ನು ಓದಿದೆ. "ಮಧುಮೇಹ ತಡೆಯೋಣ, ದಿನವೂ ನಡೆಯೋಣ." ನಮ್ಮ ಮೆರವಣಿಗೆ ಪಾರ್ಕಿನ ಆಚೆ ಗೇಟಿನಲ್ಲಿ, ಒಟ್ಟು ಎಂಟು ಜನರದ್ದು, ಆಗಲೇ ಹೊರಟಾಗಿತ್ತು.

ಈಚೆ ಬರಲು ದಾರಿ ಇರಲಿಲ್ಲ. ಕೊನೆಯಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ ರಕ್ತ ಪರೀಕ್ಷೆ. ನರ್ಸ್ ನನ್ನ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, "ಒಬ್ರೇ ಬಂದಿದ್ದೀರಾ?" ಎಂದು ಮೆಲ್ಲಗೆ ಕೇಳಿದರು. ಈ ಊರಿಗೆ ಬಂದು ಆರು ದಿನವಾಗಿತ್ತು. ಅಷ್ಟರಲ್ಲಿ ನನ್ನ ಕೈ ಹಿಡಿದ ಮೊದಲ ಮನುಷ್ಯರು ಅವರು. ಕಣ್ಣಲ್ಲಿ ನೀರು ತಡೆಯಲಾಗಲಿಲ್ಲ.

ನರ್ಸ್ ಗಾಬರಿಯಾದರು. "ಮೇಡಂ, ಯಾಕ್ ಅಳ್ತೀರಾ? ನಾನಿನ್ನೂ ಚುಚ್ಚೇ ಇಲ್ಲ!"

ಮೆಟ್ರೊ

ಭಾನುವಾರಗಳು ಬಹಳ ಉದ್ದ. ಒಂದು ಭಾನುವಾರ ಸಂಜೆ ಐದಾದರೂ ಯಾರ ಜೊತೆಗೂ ಒಂದು ಮಾತೂ ಆಡಿಲ್ಲ ಎಂದು ಇದ್ದಕ್ಕಿದ್ದಂತೆ ಹೊಳೆಯಿತು. ದನಿ ಇದೆಯೋ ಹೋಗಿದೆಯೋ ನೋಡಲು ಒಮ್ಮೆ ಕೆಮ್ಮಿದೆ. ಇತ್ತು. ಆದರೆ ಆ ರೂಮಿನಲ್ಲಿ ಇನ್ನು ಕೂರಲಾಗಲಿಲ್ಲ. ಸುಮ್ಮನೆ ಮೆಟ್ರೊ ಹತ್ತಿದೆ. ಎಲ್ಲರ ಕಣ್ಣೂ ಫೋನಿನಲ್ಲಿ. ಅಷ್ಟರಲ್ಲಿ ಮೇಲಿನಿಂದ ಒಂದು ಹೆಣ್ಣು ದನಿ, ಎಷ್ಟೊಂದು ಅಕ್ಕರೆಯಿಂದ, "ಮುಂದಿನ ನಿಲ್ದಾಣ ಬನಶಂಕರಿ" ಅಂತು.

ನನಗರಿವಿಲ್ಲದೇ ಬಾಯಿ ತೆರೆಯಿತು. "ಆತ್ರೀ. ನಾ ಇನ್ನೂ ಮುಂದ ಹೊಂಟೇನಿ."

ಪಕ್ಕದ ಆಂಟಿ ತಿರುಗಿದರು. "ನಂಗ್ ಹೇಳಿದ್ರಾ?"

"ಇಲ್ರೀ…"

ಅವರು ನನ್ನ ಕಿವಿಯ ಕಡೆ ಕಣ್ಣು ಹಾಯಿಸಿ, "ಓ, ಬ್ಲೂಟೂತಾ?" ಎಂದು ಸಮಾಧಾನವಾಗಿ ಮತ್ತೆ ಫೋನು ನೋಡತೊಡಗಿದರು. ಅವತ್ತೇ ತಿಳಿಯಿತು, ಬೆಂಗಳೂರಿನಲ್ಲಿ ಒಬ್ಬಳೇ ಮಾತಾಡಿಕೊಂಡರೆ ಯಾರೂ ಹುಚ್ಚಿ ಅನ್ನುವುದಿಲ್ಲ. ಕಿವಿ ಮೇಲೆ ಕೂದಲು ಇಳಿಬಿಟ್ಟಿದ್ದರಾಯಿತು.

ಸಭೆ

ಮೂರನೇ ತಿಂಗಳು ನನಗೊಂದು ಸ್ವಂತ ಜವಾಬ್ದಾರಿ ಬಂತು. ಜೆ.ಪಿ. ನಗರದ ಒಂದು ಕಾಲೇಜಿನಲ್ಲಿ ಲೈಬ್ರರಿಗೆ ಸಂಜೆ ಐದಕ್ಕೇ ಬೀಗ. ಮನೆಯಲ್ಲಿ ಓದಲು ಜಾಗವಿಲ್ಲದ ಮಕ್ಕಳು ಬಸ್ ಸ್ಟಾಪಿನಲ್ಲಿ ಕೂತು ಓದುತ್ತಿದ್ದರು. ಅದನ್ನು ಎಂಟರ ತನಕ ತೆರೆಸಬೇಕು. ಅಕ್ಕ ಅರವತ್ತು ವಿದ್ಯಾರ್ಥಿಗಳ ನಂಬರಿನ ಪಟ್ಟಿ ಕೊಟ್ಟು, "ಎಲ್ರಿಗೂ ಫೋನ್ ಮಾಡಿ ಮೀಟಿಂಗಿಗೆ ಕರಿ. ಯಾರೂ ಬರ್ಲಿಲ್ಲ ಅಂದ್ರೆ ಇದನ್ನ ಕೈಬಿಡೋಣ" ಅಂದರು.

ಐವತ್ತೊಂಬತ್ತು ಜನ ಎತ್ತಲಿಲ್ಲ, ಇಲ್ಲವೇ ಹಲೋ ಅಂದು ಇಟ್ಟರು. ಅರವತ್ತನೆಯದನ್ನು ಒಬ್ಬ ತಾತ ಎತ್ತಿದರು.

"ಅದು ನನ್ ಮೊಮ್ಮಗ ಕೊಟ್ಟಿರೋ ನಂಬರಮ್ಮ. ಬೇಡದೇ ಇರೋರಿಗೆಲ್ಲ ನಂದೇ ಕೊಡ್ತಾನೆ. ಜಿಮ್ಮಿನೋರು, ಕೋಚಿಂಗಿನೋರು ಎಲ್ಲಾ ನಂಗೇ ಮಾಡ್ತಾರೆ. ಇರ್ಲಿ, ನಿಂದೇನು ಹೇಳು."

ಹೇಳಿದೆ. ಅವರೂ ಹೇಳಿದರು. ಅವರ ಮಂಡಿನೋವು, ನನ್ನ ಮೆಸ್ಸಿನ ಸಿಹಿ ಸಾಂಬಾರು, ಹೀಗೆ ಮುಕ್ಕಾಲು ಗಂಟೆ. ಫೋನ್ ಇಡುವ ಮನಸ್ಸು ಇಬ್ಬರಿಗೂ ಇದ್ದಂತಿರಲಿಲ್ಲ.

ಮೀಟಿಂಗಿನ ದಿನ ಇಪ್ಪತ್ತು ಕುರ್ಚಿ ಹಾಕಿ ಕಾದೆ. ಮೆಟ್ಟಿಲ ಮೇಲೆ ಒಂದೇ ಒಂದು ಹೆಜ್ಜೆ ಸದ್ದು. ಸ್ವೆಟರು, ಮಂಕಿ ಕ್ಯಾಪು, ಕೈಯಲ್ಲಿ ಕಾಫಿ ಫ್ಲಾಸ್ಕು. ತಾತ!

"ನೀವ್ಯಾಕ ಬಂದ್ರಿ ತಾತಾ?"

"ನೀನೇ ಕರೆದೆಯಲ್ಲಮ್ಮ. ಕುರ್ಚಿ ಬೇರೆ ಹಾಕಿದೀಯ."

ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದರು. 'ಯಾವ ಸೆಮಿಸ್ಟರ್' ಎಂಬ ಕಡೆ ಸ್ವಲ್ಪ ಯೋಚಿಸಿ, 'ಲಾಸ್ಟ್' ಎಂದು ಬರೆದರು.

ಘೋಷಣೆ

ತಾತ ಮನೆಗೆ ಹೋಗಿ ಮೊಮ್ಮಗನಿಗೆ ಏನು ಹೇಳಿದರೋ, ಮುಂದಿನ ವಾರ ಅವನು ಮೂವತ್ತು ಗೆಳೆಯರನ್ನು ಕರೆದುಕೊಂಡು ಸಂಜೆ ಐದಕ್ಕೆ ಕಾಲೇಜಿನ ಗೇಟಿಗೆ ಬಂದ. ನನ್ನ ಕೊರಳಲ್ಲಿ ಮೆಗಾಫೋನು; ಅರ್ಜಿಯನ್ನು ಆಗಲೇ ಪ್ರಿನ್ಸಿಪಾಲರಿಗೆ ಕೊಟ್ಟಾಗಿತ್ತು.

"ಅಕ್ಕ, ನಮಗೆ ಸ್ಲೋಗನ್ ಗೀಗನ್ ಗೊತ್ತಿಲ್ಲ. ನೀವ್ ಏನ್ ಹೇಳ್ತೀರೋ ಅದನ್ನೇ ವಾಪಸ್ ಕೂಗ್ತೀವಿ" ಅಂದ.

"ಲೈಬ್ರರಿ ತೆರೆಯಿರಿ!"

"ಲೈಬ್ರರಿ ತೆರೆಯಿರಿ!" ಗೇಟು ನಡುಗಿತು.

ಅಷ್ಟರಲ್ಲಿ ಊರಿಂದ ಅವ್ವನ ಫೋನು. ಎರಡು ಸಲ ಕಟ್ ಮಾಡಿದೆ. ಮೂರನೇ ಸಲವೂ ಎತ್ತದಿದ್ದರೆ ಅವ್ವ ಅಲ್ಲೇ ಅಳಲು ಶುರು ಮಾಡುತ್ತಾಳೆ. ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರಿಗೆ ಹಾಕಿದೆ. ಮೆಗಾಫೋನ್ ಆರಿಸುವುದು ಮರೆತೇ ಹೋಯಿತು.

"ಹಾಂ, ಅವ್ವಾ."

"ಹಾಂ, ಅವ್ವಾ!" ಮೂವತ್ತು ಗಂಟಲು.

ಅವ್ವ ಬೆಚ್ಚಿದಳು. "ಯಾರ ಅವ್ರು?"

"ಗೆಳ್ಯಾರವ್ವಾ. ನನಗಿಲ್ಲಿ ಭಾಳ ಮಂದಿ ಅದಾರ."

"ಭಾಳ ಮಂದಿ ಅದಾರ!"

ಮೂರು ತಿಂಗಳಿಂದ ದಿನಾ ಅವ್ವನಿಗೆ ಇದೇ ಸುಳ್ಳು ಹೇಳಿ, ಆಮೇಲೆ ಒಬ್ಬಳೇ ಗೋಡೆ ನೋಡಿಕೊಂಡು ಉಣ್ಣುತ್ತಿದ್ದೆ. ಅವತ್ತು ಆ ಸುಳ್ಳಿಗೆ ಮೂವತ್ತು ಸಾಕ್ಷಿ.

ಅವ್ವನ ದನಿ ಒದ್ದೆಯಾಯಿತು. "ಖರೇನ ಅದಾರಲ್ಲ! ನಾಳಿ ಬಸ್ಸಿಗೆ ಗಂಟು ಕಳಸ್ತೇನಿ, ಏನ್ ಬೇಕ ಹೇಳು."

ಇಲ್ಲಿಯ ಬೋರ್‌ವೆಲ್ ನೀರಿಗೆ ನನ್ನ ಕೂದಲು ತೆಂಗಿನ ನಾರಾಗಿತ್ತು. "ಎಣ್ಣಿ ಬೇಕು" ಅಂದೆ.

ನಮ್ಮ ಊರಲ್ಲಿ ಎಣ್ಣೆ ಅಂದರೆ ತಲೆಗೆ ಹಚ್ಚುವುದು. ಬೆಂಗಳೂರಿನ ಹುಡುಗರಿಗೆ ತಲೆಗೆ ಏರುವುದು. ಲೈಬ್ರರಿಗೆ ಇಲ್ಲದ ಹುರುಪಿನಲ್ಲಿ ಮೂವತ್ತೂ ಜನ ಕುಣಿದು ಕೂಗಿದರು: "ಎಣ್ಣೆ ಬೇಕು! ಎಣ್ಣೆ ಬೇಕು!"

ಎದುರು ಮನೆಗಳ ಬಾಲ್ಕನಿ ತುಂಬಿದವು. ಪ್ರಿನ್ಸಿಪಾಲರು ಓಡಿ ಬಂದರು. "ಏನಮ್ಮ ಇದು! ಅರ್ಜೀಲಿ ಲೈಬ್ರರಿ ಅಂತಿದೆ!"

"ಸರ್, ಅದು ಕೊಬ್ರಿ ಎಣ್ಣಿರೀ…"

"ಯಾವ ಎಣ್ಣೆನೂ ಬೇಡ! ಲೈಬ್ರರಿ ಎಂಟರ ತನಕ ತೆಗೆದಿರ್ತೀನಿ, ಈಗ್ಲೇ ಬರೆದು ಕೊಡ್ತೀನಿ. ಆ ಸ್ಲೋಗನ್ ಒಂದು ನಿಲ್ಸಿ!"

ಗೇಟಿನ ಕಂಬಕ್ಕೆ ಅರ್ಜಿ ಒತ್ತಿ ಹಿಡಿದು ಬರೆದರು. ಇನ್ನೇನು ಸಹಿ ಹಾಕಬೇಕು, ನನ್ನ ಕೈಯಲ್ಲಿದ್ದ ಫೋನಿನಿಂದ ಅವ್ವನ ದನಿ ಮೆಗಾಫೋನಿಗೆ ಹೊಕ್ಕು ಇಡೀ ಬೀದಿಗೆ ಮೊಳಗಿತು:

"ಕೇಳಸ್ತು, ಕೇಳಸ್ತು! ಅಷ್ಟೂ ಮಂದಿಗೆ ಬೇಕಂದ್ರ ಒಂದ್ ಬಾಟ್ಲಿ ಎಲ್ಲಿ ಸಾಲತೈತಿ? ಐದ್ ಲೀಟರ್ ಕ್ಯಾನ್ ಕಳಸ್ತೇನಿ, ಎಲ್ಲಾರೂ ಹಂಚ್ಕೋರಿ!"