ಬಚ್ಚಲುಮನೆಯ ಕಲಾಪ

ಪುಟ್ಟಿಯ ಮನೆಯ ಬಚ್ಚಲಲ್ಲಿ ದಿನಾ ನಸುಕಿಗೇ ಕೋರ್ಟು ನಡೆಯುತ್ತಿತ್ತು. ಹಿಡಿ ಮುರಿದ ಹಳದಿ ಬಕೆಟ್ಟೇ ಕಟಕಟೆ, ಕನ್ನಡಿಯೇ ನ್ಯಾಯಾಧೀಶರು, ಹೆಗಲ ಮೇಲಿನ ಟವೆಲ್ಲೇ ಕರಿಕೋಟು. ದೊಡ್ಡ ಕಂಪನಿಯ ಕೆಲಸ ಬೇಡವೆಂದು ಬಡವರ ಉಚಿತ ಕಾನೂನು ನೆರವು ಕೇಂದ್ರಕ್ಕೆ ಸೇರಿದವಳಿಗೆ ಇನ್ನೂ ಒಂದು ಕೇಸೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಹಿರಿಯ ವಕೀಲರ ಬೈಗುಳ ಮಾತ್ರ. ಕೇಂದ್ರದ ಹೆಸರಿಗೆ ತಕ್ಕಂತೆ ಅದೂ ಉಚಿತ.

ಹಿರಿಯರಿಗೆ ಎರಡು ಗಂಟಲು. ಕಕ್ಷಿದಾರರ ಮುಂದೆ ಜೇನು ಸವರಿದ ಗಂಟಲು. ಕಿರಿಯರ ಮುಂದೆ ಗಾರೆ ನೆಲದ ಮೇಲೆ ಕಬ್ಬಿಣದ ಮಂಚ ಎಳೆದ ಗಂಟಲು. ಈ ಎರಡನೆಯದರ ಹೆದರಿಕೆ ಬಿಡಲೆಂದು ಪುಟ್ಟಿ ಬಚ್ಚಲಲ್ಲಿ ಅದನ್ನೇ ಅನುಕರಿಸುತ್ತಿದ್ದಳು: "ಏಯ್! ತಲೇಲಿ ಇರೋದು ಮಿದುಳೋ, ಮರದ ಹೊಟ್ಟೋ?" ಆಮೇಲೆ ತನ್ನದೇ ದನಿಯಲ್ಲಿ, "ಇದೊಂದ್ಸಲ ಬಿಟ್ಬಿಡಿ ಸಾರ್!"

"ಪುಟ್ಟೀ, ಒಳಗಡೆ ಎಷ್ಟು ಜನ ಇದ್ದೀರೇ?" ಅಮ್ಮ ಬಾಗಿಲು ಬಡಿದರು. "ನೀರು ಮುಗಿಯೋದ್ರೊಳಗೆ ತೀರ್ಪು ಕೊಟ್ಟು ಹೊರಗೆ ಬಾ!"

ಅವತ್ತು ಕೇಂದ್ರಕ್ಕೆ ಒಬ್ಬ ಅಜ್ಜಿ ಬಂದರು, ಜೊತೆಗೆ ಅವರ ಪಕ್ಕದಂಗಡಿಯ ಟೈಲರ್. ಅಜ್ಜಿಗೆ ಕಣ್ಣು ಮಂಜು. ಕಿವಿ ಮಾತ್ರ ಪೊಲೀಸ್ ನಾಯಿಯದು.

"ನಮ್ಮ ಓಣಿಗೆ ಬೆನ್ನು ಹಾಕಿರೋ ಮನೇಲಿ ಒಬ್ಬ ರಾಕ್ಷಸ ಇದಾನೆ ಕಣಮ್ಮ. ಬೆಳಗಾಗೋ ಮುಂಚೆ ಒಂದು ಹೆಣ್ಣುಮಗೂನ ಹಿಡ್ಕೊಂಡು ಗದರ್ತಾನೆ. ಪಾಪ, ಅದು ಗೋಗರೆಯುತ್ತೆ."

"ಆ ಗಂಟಲು ಕೇಳಿದ್ರೆ ನನ್ನ ಕತ್ತರಿ ಜಾರುತ್ತೆ ಮೇಡಂ," ಎಂದ ಟೈಲರ್. "ನಿನ್ನೆ ಒಂದು ಪ್ಯಾಂಟು ಚಡ್ಡಿಯಾಯ್ತು."

ಪುಟ್ಟಿಯ ಕಣ್ಣು ತುಂಬಿತು. ಎಂಥ ಪಾಪಿ ಇರಬೇಕು!

"ಚಿಂತೆ ಬಿಡಿ ತಾಯಿ, ಅವನು ಕಂಬಿ ಎಣಿಸೋ ಹಾಗೆ ಮಾಡ್ತೀನಿ," ಎಂದು ಹಿರಿಯರು ಜೇನು ಸುರಿಸಿದರು. ಆಮೇಲೆ ಪುಟ್ಟಿಯನ್ನು ಬೀರುವಿನ ಹಿಂದಕ್ಕೆ ಕರೆದು ಪಿಸುದನಿಯಲ್ಲೇ ಮಂಚ ಎಳೆದರು: "ಈ ಮಗೂನ ಬಿಡಿಸಿದ್ರೆ ನಾಳೆ ಕೋರ್ಟಲ್ಲಿ ಆ ಸಂಬಳ ಸಿಗದ ಶಾಲೆ ಆಯಾಳ ಕೇಸು ಇದೆಯಲ್ಲ, ಅದರ ವಾದ ನಿಂದು. ಕೆಡಿಸಿದ್ರೆ ನಾನೇ ವಾದ ಮಾಡ್ತೀನಿ, ನೀನು ಫೈಲುಗಳ ಧೂಳು ಹೊಡಿ."

ಸಂಜೆ ನಾಲ್ವರೂ ಓಣಿಗೆ ಹೋದರು. ಇಕ್ಕಟ್ಟಾದ ಓಣಿ, ಎರಡೂ ಕಡೆ ಮನೆಗಳ ಹಿಂಗೋಡೆ, ಪಾಚಿ ಹಿಡಿದ ಪೈಪು, ಮಧ್ಯೆ ಓಣಿಯ ಯಜಮಾನನಂತೆ ಮಲಗಿದ್ದ ಬೆಕ್ಕು. ಅಜ್ಜಿ ಕೋಲೆತ್ತಿ ಮಹಡಿಯ ಕಿಟಕಿ ತೋರಿಸಿದರು. ಪುಟ್ಟಿಗೆ ಗುರುತು ಹತ್ತಲಿಲ್ಲ. ತನ್ನ ಬೆನ್ನನ್ನೂ ತನ್ನ ಮನೆಯ ಬೆನ್ನನ್ನೂ ಯಾರು ತಾನೇ ನೋಡಿರುತ್ತಾರೆ?

"ಒಳಗಿರೋ ದುರುಳನೇ, ಹೊರಗೆ ಬಾ!" ಎಂದು ಅಬ್ಬರಿಸಿದಳು. "ಕಾನೂನು ಬಂದಿದೆ!"

ಕಿಟಕಿ ತೆರೆಯಿತು. ದುರುಳ ಬರಲಿಲ್ಲ, ನೆಲ ಒರೆಸಿದ ನೀರು ಬಂತು. ಬಂದದ್ದು ಸೀದಾ ಹಿರಿಯರ ನೆತ್ತಿಗೆ. ಪುಟ್ಟಿ ತಲೆಯೆತ್ತಿ ನೋಡಿದರೆ ಹಿಡಿ ಮುರಿದ ಹಳದಿ ಬಕೆಟ್ಟು! ಅವಳದೇ ಕಟಕಟೆ!

ಅಷ್ಟರಲ್ಲಿ ಹಿರಿಯರ ಜೇನೆಲ್ಲ ತೊಳೆದುಹೋಗಿತ್ತು. "ಯಾವಳದು? ತಲೇಲಿ ಇರೋದು ಮಿದುಳೋ, ಮರದ ಹೊಟ್ಟೋ?"

ಅಜ್ಜಿ ಕೋಲನ್ನು ಕತ್ತಿಯಂತೆ ಹಿಡಿದರು. "ಇವನೇ! ಇದೇ ಗಂಟಲು! ಟೈಲರಪ್ಪಾ, ಬಿಡಬೇಡ!"

ಟೈಲರ್ ಕೊರಳಲ್ಲಿದ್ದ ಅಳತೆಯ ಟೇಪಿನಿಂದಲೇ ಹಿರಿಯರ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ. ಅಭ್ಯಾಸಬಲದಿಂದ ಮಣಿಕಟ್ಟಿನ ಸುತ್ತಳತೆಯನ್ನೂ ಕೂಗಿ ಹೇಳಿದ. ಓಣಿಯ ಕಿಟಕಿಗಳೆಲ್ಲ ತೆರೆದವು. "ದೂರು ಕೊಡೋಕೆ ಜೊತೇಲೇ ಬಂದಿದಾನಲ್ಲ, ಎಂಥ ಖದೀಮ!" "ಪೊಲೀಸರನ್ನ ಕರೀರಿ!"

ಪುಟ್ಟಿ ಬಾಯಿ ಬಿಟ್ಟರೆ ನಾಳಿನ ಕೇಸು ಹೋಗುತ್ತದೆ. ಬಿಡದಿದ್ದರೆ ಹಿರಿಯರು ಠಾಣೆಗೆ ಹೋಗುತ್ತಾರೆ. ಎರಡನೆಯದು ಕ್ಷಣಕಾಲ ಬಹಳ ಚೆನ್ನಾಗಿಯೇ ಕಂಡಿತು. ಆದರೆ ನಿರಪರಾಧಿಯೊಬ್ಬ ಟೇಪಿನಲ್ಲಿ ಸಿಕ್ಕಿಕೊಂಡು ನಿಂತಿರುವಾಗ ಸುಮ್ಮನಿದ್ದರೆ ಇವಳೆಂಥ ವಕೀಲೆ?

"ಮಹಾಸ್ವಾಮೀ... ಅಲ್ಲ, ಅಜ್ಜೀ! ಅವರನ್ನ ಬಿಡಿ. ಆ ರಾಕ್ಷಸ ನಾನೇ. ಹೆಣ್ಣುಮಗೂನೂ ನಾನೇ!"

"ಪಾಪ, ಹೆದರಿ ಅವನ ಪರ ಮಾತಾಡ್ತಿದೆ," ಎಂದರು ಅಜ್ಜಿ.

ಪುಟ್ಟಿ ಕಣ್ಮುಚ್ಚಿ ಮಂಚ ಎಳೆದಳು: "ಏಯ್! ಮಿದುಳೋ, ಮರದ ಹೊಟ್ಟೋ?" ಬೆಕ್ಕು ಎದ್ದು ಓಡಿತು. "ಬಿಟ್ಬಿಡಿ ಸಾರ್!" ಎಂದು ಬಿಕ್ಕಿದಳು. ಓಣಿಯೆಲ್ಲ ಚಪ್ಪಾಳೆಯೋ ಚಪ್ಪಾಳೆ.

ಮೇಲಿಂದ ಅಮ್ಮ ಇಣುಕಿದರು. "ಬಚ್ಚಲು ಸಾಲದು ಅಂತ ಬೀದಿಗೂ ತಂದ್ಯೇನೇ?"

ಟೈಲರ್ ಹಿರಿಯರ ಬೆನ್ನ ಹಿಂದೆ ಬಗ್ಗಿ ಗಂಟು ಬಿಚ್ಚತೊಡಗಿದ. ಪುಟ್ಟಿ ಉಬ್ಬಿದಳು. ಮೊದಲ ವಾದದಲ್ಲೇ ಆರೋಪಿಯ ಬಿಡುಗಡೆ! ಆಸೆಗಣ್ಣಿನಿಂದ ಹಿರಿಯರತ್ತ ತಿರುಗಿದಳು.

ಮೂಗಿನ ತುದಿಯಿಂದ ಕೊಳೆನೀರು ತೊಟ್ಟಿಕ್ಕುತ್ತಿದ್ದ ಹಿರಿಯರು ಮಂಚವನ್ನು ಓಣಿಯ ಈ ತುದಿಯಿಂದ ಆ ತುದಿಗೆ ಎಳೆದರು: "ನಾಳೆ ಕೇಸು ನಿಂದಲ್ಲ! ಧೂಳು ಹೊಡಿ!"

"ಶಭಾಷ್ ಮಗಳೇ!" ಅಜ್ಜಿ ಕೋಲು ಬಿಟ್ಟು ಚಪ್ಪಾಳೆ ತಟ್ಟಿದರು. "ಇನ್ನೊಂದ್ಸಲ ಮಾಡು!"

ಟೈಲರ್ ಹಿರಿಯರ ಬೆನ್ನ ಹಿಂದಿನಿಂದ ಕತ್ತು ಚಾಚಿ ಪುಟ್ಟಿಯನ್ನೇ ಬೆರಗಾಗಿ ನೋಡಿದ.

"ಅಬ್ಬಬ್ಬಾ ಮೇಡಂ! ತುಟೀನೇ ಅಲ್ಲಾಡಲಿಲ್ಲ!"